ಕಾಣದ ಪ್ಲೇಟು, ಕುಟ್ಟಾಣಿಯ ಕಡಲೆ

ಹಿರಿಯೂರಿನಿಂದ ರತ್ನಮ್ಮ ಫೋನು ಮಾಡಿದ್ದಳು. ರತ್ನಮ್ಮ ಎಂದರೆ ನಮ್ಮವರ ದೊಡ್ಡಪ್ಪನ ಸೊಸೆ. ಮದುವೆ, ನಾಮಕರಣದ ಕರೆ ಹೇಳಲು ಬಿಟ್ಟರೆ ನಮ್ಮನ್ನು ನೆನೆಸಿಕೊಳ್ಳುವವಳಲ್ಲ. ಅಂಥವಳು ಸಂಜೆ ಹೊತ್ತಿನಲ್ಲಿ, ದನಿ ತಗ್ಗಿಸಿಕೊಂಡು ಕೇಳಿದಳು.

"ಅಕ್ಕಾ, ಸೆಟ್ಟು ಎಲ್ಲಿ ಮಾಡಿಸಿದ್ರಿ?"

"ಯಾವ ಸೆಟ್ಟು?" ಎಂದೆ.

"ಹಲ್ಲಿನ ಸೆಟ್ಟಕ್ಕಾ. ನಮ್ ಮಾವಂಗೂ ಒಂದು ಮಾಡಿಸ್ಬೇಕು ಅಂತ. ನಿಮ್ ಹುಡುಗಿದು ಬಾಯಾಗಿದ್ರೂ ಗೊತ್ತೇ ಆಗಲ್ವಂತೆ, ಗಾಜಿನಂಗೆ ಐತಂತೆ. ಪಾಪ, ಈ ವಯಸ್ಸಿಗೇ ಎಲ್ಲಾ ಹಲ್ಲೂ ಹೋದ್ವಲ್ಲ ಕೂಸಿಂದು."

ಪಕ್ಕದ ರೂಮಿನಲ್ಲಿ ಹದಿನಾಲ್ಕು ವರ್ಷದ ನನ್ನ ಮಗಳು ಸಿಂಚನ ತನ್ನ ಸ್ವಂತ ಹಲ್ಲುಗಳಿಂದ ಕೋಡುಬಳೆ ಕಡಿಯುತ್ತಿದ್ದ ಸದ್ದು ಕೇಳಿಸುತ್ತಿತ್ತು.

"ಇನ್ನೊಂದು ಮಾತು ಕೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡ್ರಿ" ಎಂದಳು ರತ್ನಮ್ಮ. "ಹುಡುಗಿದು ಅಷ್ಟೇನಾ, ಇಲ್ಲಾ ನಿಮ್ದೂ ಸೆಟ್ಟೇನಾ?"

ಓದುಗರಲ್ಲಿ ಮೊದಲೇ ಹೇಳಿಬಿಡುತ್ತೇನೆ. ನನ್ನ ಬಾಯಲ್ಲಿರುವ ಹಲ್ಲುಗಳು ನನ್ನವೇ. ಒಂದು ದವಡೆ ಹಲ್ಲಿಗೆ ಸಿಮೆಂಟು ತುಂಬಿಸಿದ್ದು ಬಿಟ್ಟರೆ ಉಳಿದದ್ದೆಲ್ಲ ಹುಟ್ಟಿನಿಂದ ಬಂದ ಆಸ್ತಿ. ಹಾಗಿದ್ದರೆ ತಾಯಿ ಮಗಳಿಬ್ಬರ ಹಲ್ಲುಗಳೂ ನಾವಿರುವ ಚಿತ್ರದುರ್ಗಕ್ಕೂ ನಮ್ಮತ್ತೆಯವರ ಊರು ಧರ್ಮಪುರಕ್ಕೂ ನಡುವೆ ಎಲ್ಲಿ ಕಳೆದುಹೋದವು?

ಇದೆಲ್ಲ ಶುರುವಾದದ್ದು ಒಂದು ಕೈಯಿಂದ.

ಸಿಂಚನ ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಾಳೆ ಎಂಬುದು ಈ ವರ್ಷ ಸ್ಕೂಲು ಶುರುವಾದ ಮೇಲೆ ನನ್ನ ಕಣ್ಣಿಗೆ ಬಿತ್ತು. (ಈ ವರ್ಷ ಶುರುವಾಯಿತೋ, ಈ ವರ್ಷ ನನ್ನ ಕಣ್ಣಿಗೆ ಬಿತ್ತೋ? ಎರಡೂ ಒಂದೇ ಅಲ್ಲ.) ಅವಳ ಮೇಲಿನ ಸಾಲಿನ ಎರಡು ಹಲ್ಲು ಸ್ವಲ್ಪ ಮುಂದಕ್ಕೆ ಬಂದಿವೆ. ಪಕ್ಕದ ಕೋರೆಹಲ್ಲು ಜಾಗ ಸಾಲದೆ ಓರೆಯಾಗಿ ನಿಂತಿದೆ, ಇಬ್ಬರ ಸೀಟಿನಲ್ಲಿ ಮೂರನೆಯವರಾಗಿ ಕೂತವರ ಹಾಗೆ. ಟೀವಿಯಲ್ಲಿ ಏನೋ ತಮಾಷೆ ಬರುತ್ತದೆ, ನಗು ಬರುತ್ತದೆ, ಅದಕ್ಕಿಂತ ಮೊದಲು ಅವಳ ಕೈ ಬಂದುಬಿಡುತ್ತದೆ. ನೋಡಿದಾಗಲೆಲ್ಲ ತಪ್ಪು ನನ್ನದೇ ಎನಿಸುತ್ತದೆ.

ಯಾಕೆಂದರೆ ಆ ಹಲ್ಲು ಅವಳಿಗೆ ಬಂದದ್ದು ನನ್ನಿಂದ. ನನಗೂ ನಮ್ಮಕ್ಕನಿಗೂ ಬಂದದ್ದು ನಮ್ಮಪ್ಪನಿಂದ. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಹುಡುಗರು ನನ್ನನ್ನು 'ತುರಿಮಣೆ' ಎಂದು ಕರೆಯುತ್ತಿದ್ದರು. ಒಂದು ದಿನ ಯಾರೋ ಬೋರ್ಡಿನ ಮೇಲೆ ಬಾಯಿ ತೆರೆದ ಹುಡುಗಿಯ ಚಿತ್ರ ಬರೆದು, ಕೆಳಗೊಂದು ತೆಂಗಿನಕಾಯಿ ಹೋಳು ಬರೆದಿದ್ದರು. ಮೇಷ್ಟ್ರು ಒರೆಸುವ ಮುಂಚೆ ತಾವೂ ಸ್ವಲ್ಪ ನಕ್ಕರು. ಈ ಪ್ರಸಂಗವನ್ನು ನಾನು ಗಂಡನಿಗೆ ಹೇಳಿದ್ದೇನೆ, ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ, ಒಮ್ಮೆ ಈ ಅಂಕಣದಲ್ಲೇ ಬರೆದಿದ್ದೇನೆ. ಓದಿ ಕಣ್ಣು ತುಂಬಿ ಬಂತು ಎಂದು ಹೊಸದುರ್ಗದ ಓದುಗರೊಬ್ಬರು ಕಾಗದ ಬರೆದಿದ್ದರು.

ನನಗಾದದ್ದು ನನ್ನ ಮಗಳಿಗೆ ಆಗಬಾರದು. ಇದಕ್ಕಿಂತ ನ್ಯಾಯವಾದ ಆಸೆ ಯಾವ ತಾಯಿಗಿದೆ?

ದಾವಣಗೆರೆಯಿಂದ ಭಾನುವಾರಕ್ಕೊಮ್ಮೆ ದುರ್ಗಕ್ಕೆ ಬರುವ ಒಬ್ಬ ಹಲ್ಲಿನ ಡಾಕ್ಟರಿದ್ದಾರೆ. ವಕ್ರದಂತದ ಸ್ಪೆಷಲಿಸ್ಟು. ಅವರು ಸಿಂಚನಳ ಬಾಯಿಗೆ ಟಾರ್ಚು ಬಿಟ್ಟು ನೋಡಿ, ಕೆಳಗಿನ ಹಲ್ಲು ಮೇಲಿನ ಹಲ್ಲಿನ ಹಿಂದೆ ತಾಗುತ್ತಿದೆ, ಚೆಂದಕ್ಕಲ್ಲದಿದ್ದರೂ ಮುಂದೆ ತೊಂದರೆ ಆಗಬಾರದೆಂದು ಸರಿಮಾಡಿಸುವುದು ಒಳ್ಳೆಯದು ಎಂದರು. ಆಮೇಲೆ ಮೇಜಿನ ಮೇಲೆ ಎರಡು ಪ್ಲಾಸ್ಟರ್ ದವಡೆ ತಂದಿಟ್ಟರು. ಒಂದಕ್ಕೆ ಸ್ಟೀಲಿನ ಕ್ಲಿಪ್ಪು, ತಂತಿ. ಇನ್ನೊಂದು ಬರಿದಾಗಿತ್ತು.

"ಇದಕ್ಕೆ ಏನೂ ಹಾಕಿಲ್ವಲ್ಲ" ಎಂದರು ನಮ್ಮವರು.

"ಹಾಕಿದೆ, ಮುಟ್ಟಿ ನೋಡಿ" ಎಂದರು ಡಾಕ್ಟರು.

ಮುಟ್ಟಿದರೆ ನಿಜ. ಹಾಲಿನ ಮೇಲಿನ ತೆಳು ಕೆನೆಯಂತೆ, ಹಲ್ಲಿನ ಆಕಾರಕ್ಕೆ ಅಂಟಿಕೊಂಡ ಪಾರದರ್ಶಕ ಪ್ಲೇಟು. ಹೊಸದಾಗಿ ಬಂದಿದೆಯಂತೆ. ಅಚ್ಚು ತೆಗೆದು ಬೆಂಗಳೂರಿಗೆ ಕಳಿಸಿ ಮಾಡಿಸಬೇಕು. ಸ್ವಲ್ಪ ದಿನಕ್ಕೊಂದು ಹೊಸ ಜೊತೆ. ಊಟ ಮಾಡುವಾಗ, ಟೀ ಕುಡಿಯುವಾಗ ತೆಗೆದಿಡಬೇಕು. ತಿಂದಮೇಲೆ ಬ್ರಷ್ ಮಾಡಿ ಮತ್ತೆ ಹಾಕಿಕೊಳ್ಳಬೇಕು. ಉಳಿದ ಹೊತ್ತೆಲ್ಲ ಬಾಯಲ್ಲೇ ಇರಬೇಕು.

"ತೆಗೆದು ಡಬ್ಬಿಯಲ್ಲೇ ಇಟ್ಟರೆ ಡಬ್ಬಿ ನೆಟ್ಟಗಾಗುತ್ತೆ, ಹಲ್ಲು ಆಗಲ್ಲ" ಎಂದರು ಡಾಕ್ಟರು. "ತಂತಿಯಾದರೆ ಆ ಚಿಂತೆ ಇಲ್ಲ, ಮರೆತರೂ ಅದರ ಪಾಡಿಗೆ ಅದು ಕೆಲಸ ಮಾಡುತ್ತೆ. ಆದರೆ ಗಟ್ಟಿ ಪದಾರ್ಥ ತಿನ್ನೋ ಹಾಗಿಲ್ಲ. ಚಕ್ಕುಲಿ, ಕಬ್ಬು, ಕಡಲೆಕಾಯಿ ಬಂದ್."

ಧರ್ಮಪುರದಲ್ಲಿ ಅಜ್ಜಿಯ ಹೊಲವಿರುವ ಹುಡುಗಿಗೆ ಕಡಲೆಕಾಯಿ ಬಂದ್ ಎನ್ನುವುದು ಉಸಿರಾಟ ಬಂದ್ ಎಂದ ಹಾಗೆ.

ನಮ್ಮವರು ಮಾರಿಕಣಿವೆ ಅಣೆಕಟ್ಟೆಯಲ್ಲಿ ನೀರಾವರಿ ಇಲಾಖೆಯ ಕೆಲಸದಲ್ಲಿದ್ದಾರೆ. ಅವರ ಅಭಿಪ್ರಾಯ ಸ್ಪಷ್ಟವಾಗಿತ್ತು. "ನೋಡು, ಕೆಲಸ ನಡೀತಾ ಐತೆ ಅಂದ್ರೆ ಕಣ್ಣಿಗೆ ಕಾಣಬೇಕು. ಕಾಣದ ಕೆಲಸಕ್ಕೆ ನಾನು ಬಿಲ್ ಬರೆದ್ರೆ ಸಸ್ಪೆಂಡ್ ಮಾಡ್ತಾರೆ."

ಡಾಕ್ಟರು ಅವರನ್ನು ಬಿಟ್ಟು ಸಿಂಚನಳ ಕಡೆ ತಿರುಗಿದರು. "ಹಾಕ್ಕೊಳ್ಳೋಳು ನೀನು. ನಿನಗೆ ಯಾವುದಾಗಬಹುದಮ್ಮ?"

ಅವಳು ಬಾಯಿ ತೆರೆದಳು. ಅವಳ ಬಾಯಿಂದ ನನ್ನ ದನಿ ಬಂತು. ಅಂದರೆ, ಅವಳು ಮಾತಾಡುವ ಮೊದಲೇ ನಾನು ಹೇಳಿದ್ದೆ.

"ಕಾಣದೇ ಇರೋದೇ ಹಾಕಿ ಡಾಕ್ಟ್ರೇ."

ಯಾರಿಗೂ ಗೊತ್ತಾಗಬಾರದು. ಅದಕ್ಕಾಗಿಯೇ ತಂತಿಗಿಂತ ಎಷ್ಟೋ ಹೆಚ್ಚು ಕೊಟ್ಟು ನಾವು ಪ್ಲೇಟು ಮಾಡಿಸಿದ್ದು.

ದಸರಾ ರಜೆಗೆ ಧರ್ಮಪುರಕ್ಕೆ ಹೋದೆವು. ಕಡಲೆಕಾಯಿ ಕೀಳುವ ಕಾಲ. ಎಲ್ಲರ ಮನೆಯ ಅಂಗಳದಲ್ಲೂ ಬಳ್ಳಿಯ ರಾಶಿ, ಸುತ್ತ ಕೂತು ಕಾಯಿ ಬಿಡಿಸುವ ಹೆಂಗಸರು. ಆ ಕಡೆಯ ಒಂದು ಪದ್ಧತಿ ನಿಮಗೆ ಗೊತ್ತೇ ಇರುತ್ತದೆ. ದುರ್ಗದಿಂದ ಬಂದವರು ಬೀದಿಯಲ್ಲಿ ಹಾದುಹೋದರೆ ಸಾಕು, ಪ್ರತಿ ಬಾಗಿಲಿನಿಂದಲೂ "ಬರ್ರಿ, ಕುಂತ್ಕಳ್ರಿ" ಎನ್ನುತ್ತಾರೆ. ಕೂತಮೇಲೆ ತಿನ್ನದೆ ಏಳುವಂತಿಲ್ಲ. ಒಂದು ಮನೆಯಲ್ಲಿ ಬೇಯಿಸಿದ ಕಡಲೆಕಾಯಿ, ಮುಂದಿನ ಮನೆಯಲ್ಲಿ ಮಂಡಕ್ಕಿ ಒಗ್ಗರಣೆ, ಅದರ ಮುಂದಿನದರಲ್ಲಿ ಬರೀ ಟೀ ಎಂದು ಹೇಳಿ ತಂದುಕೊಡುವ ಟೀ ಮತ್ತು ಮೆಣಸಿನಕಾಯಿ ಬಜ್ಜಿ. ಒಂದು ಮನೆಯಲ್ಲಿ ತಿಂದು ಪಕ್ಕದ ಮನೆಯಲ್ಲಿ ಬೇಡ ಎಂದರೆ ಅದು ಹೊಟ್ಟೆಯ ವಿಷಯವಾಗುವುದಿಲ್ಲ, ನಂಟಿನ ವಿಷಯವಾಗುತ್ತದೆ.

ಡಾಕ್ಟರು ಹೇಳಿಕೊಟ್ಟದ್ದನ್ನು ನನ್ನ ಮಗಳು ಶ್ರದ್ಧೆಯಿಂದ ಪಾಲಿಸಿದಳು. ತಟ್ಟೆ ಬಂದ ಕೂಡಲೇ ಗೋಡೆಯ ಕಡೆ ತಿರುಗಿ, ಬಾಯಿಗೆ ಬೆರಳು ಹಾಕಿ, ಟಕ್ ಎಂದು ಪ್ಲೇಟು ತೆಗೆದು ನೀಲಿ ಡಬ್ಬಿಗೆ ಹಾಕುವುದು. ತಿನ್ನುವುದು. ಆಮೇಲೆ ಚೀಲದಿಂದ ಬ್ರಷ್ಷು ಪೇಸ್ಟು ತೆಗೆದುಕೊಂಡು ಆ ಮನೆಯ ಬಚ್ಚಲಿಗೆ ಹೋಗುವುದು. ಬಂದು, ಮತ್ತೆ ಟಕ್.

ಮುಂದಿನ ಮನೆಯಲ್ಲೂ ಅದೇ. ಅದರ ಮುಂದಿನ ಮನೆಯಲ್ಲೂ.

ಮಧ್ಯಾಹ್ನದ ಹೊತ್ತಿಗೆ ಸಿಂಚನ ಯಾವ ಮನೆಯಲ್ಲಿ ಗೋಡೆಯ ಕಡೆ ತಿರುಗಿದರೂ ಗೋಡೆಯ ಪಕ್ಕದಲ್ಲಿ ಮೊದಲೇ ಚಿಳ್ಳೆಪಿಳ್ಳೆಗಳು ಜಾಗ ಹಿಡಿದು ನಿಂತಿರುತ್ತಿದ್ದವು. ಯಾರಿಗೂ ಕಾಣದ ಪ್ಲೇಟನ್ನು ಬೀದಿಗೆ ಬೀದಿಯೇ ನೋಡಿತು. ಯಾರೂ ಏನೂ ಕೇಳಲಿಲ್ಲ. ಎಷ್ಟು ಸಂಭಾವಿತ ಜನ ಎಂದು ನಾನು ಸಂತೋಷಪಟ್ಟೆ. ಈ ಜನ ಏನನ್ನಾದರೂ ಕೇಳದೆ ಸುಮ್ಮನಿದ್ದಾರೆ ಎಂದರೆ ಉತ್ತರ ಆಗಲೇ ಸಿಕ್ಕಿದೆ ಎಂದು ನನಗೆ ಹೊಳೆಯಬೇಕಿತ್ತು.

ಮರುದಿನ ಬೆಳಿಗ್ಗೆ ಸಿಂಚನ ಪ್ಲೇಟನ್ನು ತೊಳೆದು ಅಡುಗೆಮನೆ ಕಿಟಕಿಯಲ್ಲಿದ್ದ ಒಂದು ಸ್ಟೀಲ್ ಲೋಟದ ನೀರಿನಲ್ಲಿ ಇಟ್ಟಿದ್ದಳು. ಅತ್ತೆಯವರು ಒಲೆ ಮುಂದೆ ಕೂತಿದ್ದವರು ಎದ್ದು ಬಂದು ಲೋಟದೊಳಗೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಹೋದರು. ಹೊಗೆ ಇರಬೇಕು ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಠಣ್ ಠಣ್ ಎಂದು ಸದ್ದು. ಅತ್ತೆಯವರು ತೀರಿಕೊಂಡ ಮಾವನ ಕುಟ್ಟಾಣಿ ಹುಡುಕಿ ತೆಗೆದಿದ್ದರು. ಹಲ್ಲಿಲ್ಲದ ಮುದುಕರು ಎಲೆಅಡಿಕೆ ಜಜ್ಜಿಕೊಳ್ಳುವ ಪುಟ್ಟ ಕಬ್ಬಿಣದ ಒರಳು ಮತ್ತು ಹಾರೆ. ಅದರಲ್ಲಿ ಹುರಿದ ಕಡಲೆಬೀಜ, ಬೆಲ್ಲ ಹಾಕಿ ನುಣ್ಣಗೆ ಕುಟ್ಟಿ, ಉಂಡೆ ಮಾಡಿ, ಮೊಮ್ಮಗಳ ಬಾಯಿಗಿಟ್ಟರು.

"ಅಗೀಬ್ಯಾಡವ್ವ, ಹಂಗೇ ಕರಗ್ತೈತೆ" ಎಂದರು.

ಎಂಥ ಪ್ರೀತಿ ಎಂದು ನಾನು ಡೈರಿಯಲ್ಲಿ ಬರೆದುಕೊಂಡೆ.

ರತ್ನಮ್ಮನ ಫೋನು ಬಂದ ಮೇಲೆ ಅತ್ತೆಯವರಿಗೇ ಫೋನು ಹಚ್ಚಿದೆ. "ಅತ್ತೆ, ಸಿಂಚನಂಗೆ ಹಲ್ಲಿಲ್ಲ ಅಂತ ಯಾರು ಹೇಳಿದ್ದು?"

"ಯಾರ್ಯಾಕೆ ಹೇಳ್ಬೇಕು, ನನಗೆ ಕಣ್ಣಿಲ್ವಾ?" ಎಂದರು. "ನಿಮ್ಮಾವ ಸೆಟ್ಟು ಇಡ್ತಿದ್ದ ಲೋಟದಾಗೇ ಇಟ್ಟಿತ್ತಲ್ಲ ಕೂಸು. ಅವರದು ಕೆಂಪಗಿತ್ತು, ಇವಳದು ಬೆಳ್ಳಗೈತೆ. ಅಷ್ಟೇ ವ್ಯತ್ಯಾಸ."

"ಅದು ಸೆಟ್ಟಲ್ಲ ಅತ್ತೆ, ಹಲ್ಲು ನೆಟ್ಟಗೆ ಮಾಡೋ ಪ್ಲೇಟು."

"ಆಯ್ತು ಬಿಡವ್ವ, ಪ್ಲೇಟು ಅಂತಾನೇ ಅನ್ನಾಣ. ನಾನು ಯಾರ ತಾವಾನೂ ಬಾಯಿ ಬಿಟ್ಟಿಲ್ಲ. ಪಕ್ಕದ ಮನೆಯಾಕಿಗೆ ಒಬ್ಬಳಿಗೆ ಹೇಳೀನಿ, ಅದೂ ಯಾರಿಗೂ ಹೇಳ್ಬ್ಯಾಡ ಅಂತ."

ಯಾರಿಗೂ ಹೇಳಬೇಡ ಎಂದರೆ ಸುದ್ದಿ ಬಸ್ಸಿಗಿಂತ ಮೊದಲು ಹಿರಿಯೂರು ತಲುಪುತ್ತದೆ. ಅದರಲ್ಲಿ ಆಶ್ಚರ್ಯವಿಲ್ಲ.

"ಮತ್ತೆ ನನಗೂ ಹಲ್ಲಿಲ್ಲ ಅಂತ ರತ್ನಮ್ಮ..." ಎಂದೆ.

ಅತ್ತೆಯವರು ಬಹಳ ಮೆದುವಾಗಿ ಹೇಳಿದರು. "ಮದುವೆಯಾಗಿ ಬಂದಾಗ್ಲಿಂದ ನೋಡ್ತಾ ಇದೀನಿ ಕಣವ್ವ. ನೀನೂ ಬಾಯಿ ಮುಚ್ಕಂಡೇ ನಗ್ತೀಯ. ನಾನು ಒಂದಿನಾನಾದ್ರೂ ಯಾಕೆ ಅಂತ ಕೇಳೀನಾ? ಮನೆ ಮರ್ಯಾದೆ ಅಂತ ಒಂದು ಇರ್ತೈತೆ."

ಆಗ ನೆನಪಾಯಿತು. ಧರ್ಮಪುರಕ್ಕೆ ಹೋದಾಗಲೆಲ್ಲ ಎಲ್ಲರಿಗೂ ಕಟಕಟ ಎನ್ನುವ ಜೋಳದ ರೊಟ್ಟಿ, ನನಗೆ ಮಾತ್ರ ಹಾಲಿನಲ್ಲಿ ನೆನೆಸಿದ ರೊಟ್ಟಿ. ಎಂ.ಎ. ಓದಿದ ಸೊಸೆ, ಕಾಲೇಜಿನಲ್ಲಿ ಪಾಠ ಹೇಳುವವಳು, ಅದಕ್ಕೇ ಈ ವಿಶೇಷ ಉಪಚಾರ ಎಂದು ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ.

ನಾನು ಪಾಠ ಹೇಳುವುದು ಇತಿಹಾಸ. ಆಧಾರವಿಲ್ಲದೆ ಏನನ್ನೂ ಬರೆಯಬೇಡಿ ಎಂದು ಮಕ್ಕಳ ಉತ್ತರ ಪತ್ರಿಕೆಯಲ್ಲಿ ಕೆಂಪು ಇಂಕಿನಲ್ಲಿ ಬರೆಯುವವಳು. ಅತ್ತೆಯವರ ಬಳಿ ಆಧಾರವಿತ್ತು. ಲೋಟವಿತ್ತು, ಪ್ಲೇಟಿತ್ತು, ಬಾಯಿ ಮುಚ್ಚುವ ಎರಡು ಕೈಗಳಿದ್ದವು, ಒಂದು ನನ್ನದು, ಒಂದು ಮಗಳದು. ತೀರ್ಮಾನ ಮಾತ್ರ ತಪ್ಪಾಗಿತ್ತು. ನನ್ನ ಬಳಿ ಏನಿತ್ತು?

ಇದನ್ನು ಕೇಳುವ ಹಾಗೆ ಮಾಡಿದವಳು ನಮ್ಮಕ್ಕ.

ಅಕ್ಕ ಹೊಳಲ್ಕೆರೆಯಲ್ಲೇ ಇದ್ದಾಳೆ. ಮುಂದಿನ ಭಾನುವಾರ ಬಂದಳು. ಸೆಟ್ಟಿನ ಸುದ್ದಿ ಹೇಳಿದೆ. ಅವಳು ನಕ್ಕಳು. ಅಕ್ಕ ನಕ್ಕರೆ ಅದೊಂದು ನೋಡಬೇಕಾದ ದೃಶ್ಯ. ತಲೆ ಹಿಂದಕ್ಕೆ ಹೋಗುತ್ತದೆ, ಕಣ್ಣು ಮುಚ್ಚುತ್ತವೆ, ಅಪ್ಪ ಕೊಟ್ಟ ಹಲ್ಲುಗಳು ಸಾಲಾಗಿ ಹೊರಗೆ ಬಂದು ನಿಲ್ಲುತ್ತವೆ. ಅವಳ ಕೈ ಮಾತ್ರ ಮಡಿಲಲ್ಲೇ ಇರುತ್ತದೆ.

"ನಗಬೇಡ" ಎಂದೆ. "ನಿನಗೇನು ಗೊತ್ತು? ಹೈಸ್ಕೂಲಲ್ಲಿ ತುರಿಮಣೆ ಅಂತ ಅನ್ನಿಸ್ಕೊಂಡೋಳು ನಾನು."

ಅಕ್ಕನ ನಗು ನಿಂತಿತು. "ಯಾರಿಗೆ ಅಂದಿದ್ದು?"

"ನನಗೆ. ಬೋರ್ಡ್ ಮೇಲೆ ಚಿತ್ರ ಬರೆದಿದ್ರಲ್ಲ, ಕೆಳಗೆ ಕಾಯಿ ಹೋಳು."

"ಲೇ, ಅದು ನಂದು ಕಣೇ" ಎಂದಳು ಅಕ್ಕ. "ನನ್ನ ಕ್ಲಾಸಿನ ಬೋರ್ಡು. ನಾನು ಮೇಲೆದ್ದು ಹೋಗಿ, ಎಳನೀರು ಎಲ್ಲಿ, ಬರೆದೇ ಇಲ್ವಲ್ಲ ಅಂತ ಕೇಳಿದ್ದೆ. ಮೇಷ್ಟ್ರು ನಕ್ಕಿದ್ದು ಅದಕ್ಕೆ. ಮನೆಗೆ ಬಂದು ನಾನೇ ನಿನಗೆ ಹೇಳಿದ್ದು. ನೀನು ಆವಾಗ ಇನ್ನೂ ಮಿಡ್ಲ್ ಸ್ಕೂಲು."

"ಇಲ್ಲ. ನನಗೆ ಚೆನ್ನಾಗಿ ನೆನಪಿದೆ."

"ನಿನಗೆ ಯಾರೂ ಏನೂ ಅಂದಿಲ್ಲ. ನೀನು ಬಾಯಿ ತೆಗೀತಿದ್ರೆ ತಾನೇ ಅನ್ನಾಕೆ? ನನಗಂದಿದ್ದು ಕೇಳ್ಕಂಡು ನೀನು ಬಾಯಿ ಮುಚ್ಕಂಡೆ. ನಾನು ಮರೆತೇಬಿಟ್ಟಿದ್ದೆ."

ನನಗೆ ಸ್ಪಷ್ಟವಾಗಿ ನೆನಪಿದೆ. ಬೋರ್ಡಿನ ಬಣ್ಣ, ಸೀಮೆಸುಣ್ಣದ ಪುಡಿ, ಮೇಷ್ಟ್ರ ಮೀಸೆಯ ಕೆಳಗಿನ ನಗು. ಆದರೆ ಎಷ್ಟು ಯೋಚಿಸಿದರೂ ಆಗ ನಾನು ಯಾವ ಬೆಂಚಿನಲ್ಲಿ ಕೂತಿದ್ದೆ ಎಂದು ಹೊಳೆಯುತ್ತಿಲ್ಲ. ಪಕ್ಕದಲ್ಲಿ ಯಾರಿದ್ದರು? ಅದೂ ಇಲ್ಲ. ನಾನು ಡೈರಿ ಬರೆಯಲು ಶುರುಮಾಡಿದ್ದು ಪಿಯುಸಿಯಲ್ಲಿ, ಅಲ್ಲಿಂದ ಹಿಂದಕ್ಕೆ ನನಗೆ ನಾನೇ ಸಾಕ್ಷಿ. ಅಕ್ಕನ ಅವಮಾನವನ್ನು ಅಕ್ಕ ಅಲ್ಲೇ ಎಳನೀರಿನಲ್ಲಿ ಕಲಸಿ ಕುಡಿದು ಬಂದಿದ್ದಳು. ನಾನು ಅದನ್ನು ಎತ್ತಿಟ್ಟುಕೊಂಡು, ನನ್ನದೆಂದು ಸಾಕಿ, ಒಂದು ಅಂಕಣವನ್ನೂ ಬರೆದೆ. (ಹೊಸದುರ್ಗದ ಓದುಗರೇ, ನಿಮ್ಮ ಕಣ್ಣೀರನ್ನು ದಯವಿಟ್ಟು ಹೊಳಲ್ಕೆರೆಯ ವಿಳಾಸಕ್ಕೆ ಬದಲಾಯಿಸಿಕೊಳ್ಳಿ. ಅಲ್ಲಿ ಅದರ ಅಗತ್ಯವಿಲ್ಲ ಎಂಬುದು ಬೇರೆ ಮಾತು.)

ಆದರೂ ಒಂದು ಆಧಾರ ನನ್ನ ಕೈಲಿತ್ತು. ನನ್ನದು ಸುಳ್ಳಾದರೆ ಆಗಲಿ, ಮಗಳದು ನಿಜವಲ್ಲವೇ? ಅವಳು ಯಾಕೆ ಬಾಯಿ ಮುಚ್ಚಿ ನಗುತ್ತಾಳೆ? ಯಾರೋ ಏನೋ ಅಂದಿರಲೇಬೇಕು. ಸಿಂಚನಳನ್ನು ಕರೆದು ಅಕ್ಕನ ಎದುರಿಗೇ ಕೇಳಿದೆ.

"ಸ್ಕೂಲಲ್ಲಿ ನಿನ್ನ ಹಲ್ಲಿಗೆ ಯಾರು ಏನಂತಾರೆ? ನಿಜ ಹೇಳು."

"ಯಾರೂ ಏನೂ ಅನ್ನಲ್ಲ."

"ಮತ್ತೆ ನಗುವಾಗ ಯಾಕೆ ಕೈ ಅಡ್ಡ ಇಡ್ತೀಯ?"

ಅವಳು ನನ್ನ ಮುಖವನ್ನೇ ನೋಡಿದಳು. ಇದೆಂಥ ಪ್ರಶ್ನೆ ಎನ್ನುವ ಹಾಗೆ.

"ಇಡಬೇಕಲ್ವಾ? ಕೆಮ್ಮುವಾಗ ಇಡ್ತೀವಲ್ಲ, ಆಕಳಿಸುವಾಗ ಇಡ್ತೀವಲ್ಲ, ಹಂಗೆ. ಅದು ಮ್ಯಾನರ್ಸ್ ಅಲ್ವಾ ಅಮ್ಮ? ನೀನು ಯಾವಾಗ್ಲೂ ಇಡ್ತೀಯ."

ಅಕ್ಕ ನಗಲಿಲ್ಲ. ಅವಳು ನಕ್ಕಿದ್ದರೆ ಚೆನ್ನಾಗಿತ್ತು.

ಊಟಕ್ಕೆ ಕುಳಿತಾಗ ಅಕ್ಕನೇ ಕೇಳಿದಳು, "ಮತ್ತೆ ಆ ಪ್ಲೇಟು ಹೆಂಗೈತೆ ಮಗ?"

"ಪ್ಲೇಟು ಪರವಾಗಿಲ್ಲ ದೊಡ್ಡಮ್ಮ. ಜನರೇ ಕಷ್ಟ" ಎಂದಳು ಸಿಂಚನ. "ಒಂದೊಂದ್ಸಲಾನೂ ತೆಗೀಬೇಕು, ತೊಳೀಬೇಕು, ಬಚ್ಚಲು ಎಲ್ಲೈತೆ ಅಂತ ಕೇಳಬೇಕು. ಮನೆಯಲ್ಲಾದರೆ ಮರೆತೇಹೋಗುತ್ತೆ. ತಂತಿ ಆಗಿದ್ರೆ ಒಂದ್ಸಲ ನೋಡ್ತಾರೆ, ಓ ತಂತಿ ಅಂತಾರೆ, ಮುಗೀತು. ಕಾಣದೇ ಇರೋದನ್ನ ಎಲ್ರಿಗೂ ತೋರಿಸ್ತಾ ಇರಬೇಕು."

"ಹಂಗಂತ ಡಾಕ್ಟರಿಗೆ ಹೇಳಬೇಕಿತ್ತು ನೀನು."

"ಹೇಳ್ತಿದ್ದೆ" ಎಂದಳು, ನನ್ನ ಕಡೆ ನೋಡದೆ.

ಮತ್ತೆ ಭಾನುವಾರ. ಮತ್ತೆ ಅದೇ ಕುರ್ಚಿ, ಅದೇ ಟಾರ್ಚು. ಡಾಕ್ಟರು ಪ್ಲೇಟನ್ನು ಹಾಕಿ ನೋಡಿ, ಇನ್ನೂ ಒಂದು ಕಡೆ ಸರಿಯಾಗಿ ಕೂರುತ್ತಿಲ್ಲ, ಡಬ್ಬಿಯಲ್ಲೇ ಜಾಸ್ತಿ ಇದ್ದ ಹಾಗಿದೆ ಎಂದರು. ಸಿಂಚನ ತಲೆ ತಗ್ಗಿಸಿದಳು. ನಾನೂ ತಗ್ಗಿಸಿದೆ. ನಿನಗೆ ಯಾವುದಾಗಬಹುದಮ್ಮ ಎಂಬ ಆ ಹಳೆಯ ಪ್ರಶ್ನೆಯನ್ನು ಡಾಕ್ಟರು ಮತ್ತೆ ಕೇಳಿದರು. ಈ ಸಲ ನನ್ನ ನಾಲಿಗೆಯನ್ನು ಹಲ್ಲುಗಳ ಹಿಂದೆ ಒತ್ತಿ ಹಿಡಿದುಕೊಂಡಿದ್ದೆ. (ಉಬ್ಬುಹಲ್ಲಿನಿಂದ ಆದ ಮೊದಲ ಉಪಯೋಗ.)

"ತಂತಿ ಹಾಕಿ" ಎಂದಳು ಸಿಂಚನ. "ಸ್ಟೀಲಿಂದೇ. ಅದಕ್ಕೆ ಬಣ್ಣದ ರಬ್ಬರ್ ಹಾಕ್ತಾರಂತಲ್ಲ, ನೀಲಿ ಐತಾ?"

"ಕಾಣುತ್ತೆ" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

"ಕಾಣಲಿ ಬಿಡು ಅಮ್ಮ" ಎಂದಳು.

"ಬಿಲ್ ಪಾಸ್" ಎಂದರು ನಮ್ಮವರು.

ಮೊದಲ ವಾರ ಅವಳಿಗೆ ನೋವಿತ್ತು. ಕೆನ್ನೆಯ ಒಳಗೆ ತಂತಿ ಚುಚ್ಚಿ ಹುಣ್ಣಾಗಿತ್ತು, ಎರಡು ದಿನ ಗಂಜಿ ಕುಡಿದಳು. ನಾನು ಮನಸ್ಸಿನಲ್ಲೇ ಹೇಳಿಕೊಂಡೆ, ಪ್ಲೇಟೇ ಇರಬೇಕಿತ್ತು. ಆಮೇಲೆ ಕೇಳಿಕೊಂಡೆ, ಇದು ಯಾರ ಮಾತು? ನನ್ನ ಮಾತೋ, ಬೋರ್ಡಿನ ಮೇಲಿನ ಆ ಚಿತ್ರದ್ದೋ? ಸರಿಯಾದ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ತಂತಿಯೇ ಸರಿ, ಪ್ಲೇಟು ತಪ್ಪು ಎಂದು ನಾನು ಹೇಳುತ್ತಿಲ್ಲ. ಬೇರೆ ಮನೆಯಲ್ಲಿ, ಬೇರೆ ಊರಿನಲ್ಲಿ, ಟೀಗೆ ಕರೆಯದ ಜನರ ನಡುವೆ ಪ್ಲೇಟು ಬಹಳ ಒಳ್ಳೆಯ ವಸ್ತುವೇ ಇರಬೇಕು.

ಧರ್ಮಪುರಕ್ಕೆ ಮತ್ತೆ ಹೋದೆವು. ಹೋಗಲೇಬೇಕಿತ್ತು, ಕಳೆದುಹೋದ ಹಲ್ಲುಗಳನ್ನು ಊರಿಗೆ ತೋರಿಸಬೇಕಿತ್ತಲ್ಲ. ಬಸ್ಸಿಳಿದು ಬೀದಿಗೆ ಕಾಲಿಟ್ಟ ಕೂಡಲೇ ಪಕ್ಕದ ಮನೆಯಾಕೆ ಸಿಂಚನಳ ಗಲ್ಲ ಹಿಡಿದು, ಬಾಯಿ ತೆರೆಸಿ, ಬೆಳಕಿಗೆ ತಿರುಗಿಸಿ ನೋಡಿದಳು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ.

"ಅಯ್ಯೋ ಪಾಪಂ, ತಂತಿ ಬಿಗ್ದಾರಲ್ಲೇ ನಿನಗೆ" ಎಂದಳು. ಅಷ್ಟೇ. ಮುಗಿಯಿತು. ಮಗಳು ಹೇಳಿದ್ದ ಹಾಗೆಯೇ.

ಅತ್ತೆಯವರು ಮಾತ್ರ ಪರೀಕ್ಷೆಗೆ ಸ್ವಲ್ಪ ಹೆಚ್ಚು ಸಮಯ ತೆಗೆದುಕೊಂಡರು. ಒಂದೊಂದೇ ಹಲ್ಲನ್ನು ಬೆರಳಿನಿಂದ ಮುಟ್ಟಿ, ಅಲ್ಲಾಡಿಸಿ ನೋಡಿ, ಕೊನೆಗೆ ತೀರ್ಪು ಕೊಟ್ಟರು.

"ಹಲ್ಲು ಅವೆ ಬಿಡು. ಇಲ್ದಿದ್ರೆ ತಂತಿ ಯಾತಕ್ಕೆ ಕಟ್ತಾರೆ?"

ನಾನು ಎಷ್ಟು ವಿವರಿಸಿದರೂ ಸಾಬೀತಾಗದ ವಿಷಯ ಸ್ಟೀಲಿನಿಂದ ಸಾಬೀತಾಯಿತು. ಆಮೇಲೆ, ಗಟ್ಟಿ ಪದಾರ್ಥ ತಿನ್ನುವಂತಿಲ್ಲ ಎಂಬ ಡಾಕ್ಟರ ಮಾತನ್ನು ಅವರಿಗೆ ಹೇಳಿದೆ. ಅವರು ನನ್ನನ್ನು ಒಂದು ಥರ ನೋಡಿ, ಒಳಗೆ ಹೋಗಿ, ಕುಟ್ಟಾಣಿ ತಂದು ಹಿತ್ತಲ ಬಾಗಿಲಲ್ಲಿ ಕೂತರು.

"ಆವತ್ತೇ ಕುಟ್ಟಿ ಕೊಟ್ಟಿದ್ನಲ್ಲ. ಓದಿದೋರಿಗೆ ಎಲ್ಲಾ ತಡ."

ಠಣ್ ಠಣ್. ಸಿಂಚನ ಅಜ್ಜಿಯ ಪಕ್ಕದಲ್ಲಿ ಕೂತು ನಕ್ಕಳು. ನೀಲಿ ರಬ್ಬರು, ಸ್ಟೀಲು, ಓರೆ ಹಲ್ಲು, ಎಲ್ಲವೂ ಬಿಸಿಲಿಗೆ ಹೊಳೆದವು. ಕೈ ಅರ್ಧದವರೆಗೆ ಎದ್ದಿತು. ಬೆರಳ ತುಂಬ ಬೆಲ್ಲ ಮೆತ್ತಿತ್ತೋ, ಬೇಡ ಎನಿಸಿತೋ, ಮತ್ತೆ ಕೆಳಗಿಳಿಯಿತು. ನಾನು ಇದನ್ನು ಆ ದಿನವೇ ಬರೆದಿಟ್ಟಿದ್ದೇನೆ. ಮುಂದೊಂದು ದಿನ ಇದೂ ನನ್ನದೇ ಕೈ ಎಂದು ನಾನು ಹೇಳಿಕೊಂಡು ತಿರುಗಬಾರದಲ್ಲ.

ವಾಪಸ್ ಬರುವಾಗ ಅತ್ತೆಯವರನ್ನೂ ಕರೆದುಕೊಂಡು ಮಾರಿಕಣಿವೆಗೆ ಹೋದೆವು. ಅಕ್ಕನೂ ಅಲ್ಲಿಗೇ ಬಂದಿದ್ದಳು. ಕಟ್ಟೆಯ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ನಮ್ಮವರ ಆಫೀಸಿನವರೊಬ್ಬರು ನಮ್ಮ ಹಳೆಯ ರೀಲ್ ಕ್ಯಾಮೆರಾದಲ್ಲಿ ಫೋಟೋ ತೆಗೆದರು. ಏನೋ ತಮಾಷೆ ಹೇಳಿ ನಗಿಸಿದರು ಕೂಡ.

ಮೊನ್ನೆ ಸ್ಟುಡಿಯೋದಿಂದ ಪ್ರಿಂಟು ಬಂತು. ಅತ್ತೆಯವರು ಇರುವ ನಾಲ್ಕು ಹಲ್ಲನ್ನೂ ಧಾರಾಳವಾಗಿ ತೋರಿಸಿದ್ದಾರೆ. ಅಕ್ಕನ ಹಲ್ಲು ಅಣೆಕಟ್ಟೆಗಿಂತ ಮುಂದೆ ಇವೆ. ಸಿಂಚನಳ ಬಾಯಿ ತುಂಬ ತಂತಿ ಮಿಂಚುತ್ತಿದೆ, ಕೈಗಳು ಅಜ್ಜಿಯ ಹೆಗಲ ಮೇಲಿವೆ. ಅವಳು ಫೋಟೋವನ್ನು ಬಹಳ ಹೊತ್ತು ನೋಡಿ ನನ್ನ ಕೈಗೆ ಕೊಟ್ಟಳು.

"ಎಲ್ರೂ ಚೆನ್ನಾಗಿ ಬಂದಿದಾರೆ. ನಿಂದು ಮಾತ್ರ ಕೈ ಬಂದೈತೆ ಅಮ್ಮ."

ನೋಡಿದೆ. ಹೌದು. ಮೂಗಿನಿಂದ ಕೆಳಗೆ ಐದು ಬೆರಳು.

ಅಂದಹಾಗೆ, ಕೈಗೆ ತಂತಿ ಹಾಕುವ ಡಾಕ್ಟರು ಯಾರಾದರೂ ನಿಮಗೆ ಗೊತ್ತೇ?